ಬಾಣಂತಿಗೆ ಯಾವ ತಟ್ಟೆ?

ಹೋದ ತಿಂಗಳು ವಿಡಿಯೋ ಕಾಲ್ ಮಾಡಿದಾಗ ತಂಗಿ ಊಟ ಮಾಡುತ್ತಿದ್ದಳು. ಪುರುಡು ಇನ್ನೂ ಕಳೆದಿರಲಿಲ್ಲ. ಮೆತ್ತಗಿನ ಅನ್ನ, ಮೆಣಸಿನ ಸಾರು, ಮೇಲೆ ತುಪ್ಪ, ಎಲ್ಲಾ ಸರಿಯಾಗಿಯೇ ಇತ್ತು. ತಟ್ಟೆ ಮಾತ್ರ ಅಂಚು ನೆಗ್ಗಿದ ಹಳೇ ಸ್ಟೀಲ್ ತಟ್ಟೆ. ನನ್ನ ಬಾಣಂತನದಲ್ಲೂ ಅಟ್ಟದಿಂದ ಇಳಿಸಿದ್ದು ಅದನ್ನೇ. ಹಾಲ್‌ನ ಷೋಕೇಸಿನಲ್ಲಿ ಹೂವಿನ ಚಿತ್ರದ ಪಿಂಗಾಣಿ ಸೆಟ್ ಇದೆ, ಅದು ನೆಂಟರಿಗೆ. ಆವತ್ತು ನೋಡಿ ನನಗೆ ನಿಜವಾಗಿಯೂ ಬೇಜಾರಾಯಿತು.

ಬೇಜಾರಾಗೋಕೆ ಇನ್ನೊಂದು ಕಾರಣ ಇದೆ. ನಾನಿರುವುದು ಲಂಡನ್ನಿನಲ್ಲಿ. ಮಳೆ ಹಿಡಿದ ದಿನ ಮಗುವನ್ನು ಕರೆದುಕೊಂಡು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿಬಿಡುತ್ತೇನೆ, ಒಳಗೆ ಹೋಗೋಕೆ ದುಡ್ಡು ಕೊಡಬೇಕಿಲ್ಲ. ಇಟಲಿಯ 16ನೇ ಶತಮಾನದ ಮಯೋಲಿಕಾ, ಅಂದರೆ ಬಿಳಿ ಮೆರುಗಿನ ಮೇಲೆ ಚಿತ್ರ ಬರೆದ ಮಣ್ಣಿನ ಪಾತ್ರೆಗಳು ಅಲ್ಲಿವೆ. ಅವುಗಳಲ್ಲಿ ಬಾಣಂತಿಗೆಂದೇ ಮಾಡಿದ ಬಟ್ಟಲುಗಳೂ ಉಂಟು. ಇಂಥ ಬಟ್ಟಲುಗಳ ಒಳಗೆ ಹಾಸಿಗೆಯಲ್ಲಿರುವ ತಾಯಿ, ಕೂಸಿಗೆ ನೀರು ಹಾಕುವ ಹೆಂಗಸರು, ಹೀಗೆ ಹೆರಿಗೆ ಮನೆಯದ್ದೇ ಚಿತ್ರ ಬರೆಯುತ್ತಿದ್ದರು. ಕಾಸ್ಟೆಲ್ ದುರಾಂತೆ ಊರಿನ ಚಿಪ್ರಿಯಾನೋ ಪಿಕ್ಕೊಲ್‌ಪಾಸ್ಸೊ 1557ರ ಸುಮಾರಿಗೆ ಕುಂಬಾರಿಕೆ ಬಗ್ಗೆ ಬರೆದ ಹಸ್ತಪ್ರತಿ ಇದೇ ಮ್ಯೂಸಿಯಂನಲ್ಲಿದೆ. ಬಾಣಂತಿಯ ಸೆಟ್ಟಿನಲ್ಲಿ ಐದು ಭಾಗ ಇರುತ್ತಿದ್ದವು ಅಂತ ಅದರಲ್ಲಿ ವಿವರಿಸಿದ್ದಾನೆ. ಕೆಳಗೆ ಸಾರಿನ ಬಟ್ಟಲು, ಅದಕ್ಕೆ ಮುಚ್ಚಳದಂತೆ ಒಂದು ತಟ್ಟೆ, ಅದರ ಮೇಲೆ ಕವುಚಿಟ್ಟ ಬಟ್ಟಲು, ಅದರ ಮೇಲೆ ಉಪ್ಪಿನ ಬಟ್ಟಲು, ಕೊನೆಗೆ ಅದರ ಮುಚ್ಚಳ. ಒಂದರ ಮೇಲೊಂದು ಕೂರಿಸಿದರೆ ಇಡೀದು ಒಂದು ಕಲಶದ ಹಾಗೆ ಕಾಣುತ್ತದೆ.

ಕೆಲಸ ಎಷ್ಟು ಅಂತೀರಿ! ಮಣ್ಣಿನ ಬಟ್ಟಲನ್ನು ಒಮ್ಮೆ ಸುಟ್ಟು, ತವರ ಬೆರೆಸಿದ ಬಿಳಿ ಮೆರುಗಿನಲ್ಲಿ ಅದ್ದಿ, ಆ ಪುಡಿಪುಡಿ ಮೈ ಮೇಲೆ ಚಿತ್ರ ಬರೆಯಬೇಕು. ಕುಂಚ ತಾಗಿದ ತಕ್ಷಣ ಮೈ ಬಣ್ಣ ಹೀರಿಕೊಳ್ಳುತ್ತದೆ, ಅಳಿಸಿ ತಿದ್ದೋಕೆ ಆಗೋದಿಲ್ಲ. ಆಮೇಲೆ ಮತ್ತೆ ಸುಡಬೇಕು. ಇಷ್ಟೆಲ್ಲಾ ಬಾಣಂತಿ ಕುಡಿಯುವ ಸಾರಿಗೆ!

ಇಂಥ ಚಿತ್ರದ ಪಾತ್ರೆಗಳನ್ನು ಸುಮ್ನೆ ಗೋಡೆಗೆ ಒರಗಿಸಿಡೋಕೆ ಮಾಡಿದ್ದು ಅನ್ನುವವರಿದ್ದಾರೆ. ಒರಗಿಸಿಟ್ಟದ್ದೂ ಇರಬಹುದು. ಆದರೆ 1524ರಲ್ಲಿ ಇಟಲಿಯ ಉರ್ಬಿನೋದ ಡಚೆಸ್ (ಡ್ಯೂಕ್‌ನ ಹೆಂಡತಿ) ಎಲಿಯೊನೊರಾ ಗೊಂಜಾಗಾ ತನ್ನ ತಾಯಿ ಇಸಬೆಲ್ಲಾ ದ'ಎಸ್ತೆಗೆ ಚಿತ್ರದ ಮಣ್ಣಿನ ಪಾತ್ರೆಗಳ ಸೆಟ್ ಕಳಿಸಿದಾಗ, ಇಷ್ಟವಾದರೆ ಪೋರ್ತೋದ ನಿಮ್ಮ ಹಳ್ಳಿಮನೆಯಲ್ಲಿ ಬಳಸಿ ಅಂತ ಪತ್ರದಲ್ಲಿ ಬರೆದಿದ್ದಳು. ಬಳಸಿ ಅಂದಳು, ನೋಡಿ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಪಾತ್ರೆ ಕೊಡದ ಮನೆ ಇಲ್ಲ, ಹೆಸರೂ ಕೆತ್ತಿಸಿ ಕೊಡುತ್ತೇವೆ. ಅದರಲ್ಲಿ ಒಳ್ಳೆಯವೆಲ್ಲಾ ಅಟ್ಟ ಸೇರುತ್ತವೆ. ಮನೆಯವರು ಉಣ್ಣುವುದು ಉಳಿದದ್ದರಲ್ಲಿ, ಬಾಣಂತಿಗೆ ಅದಕ್ಕಿಂತಲೂ ಹಳೆಯದು. ಮೈಲಿಗೆ ಕಳೆದ ಮೇಲೆ ಎಸೆದರೂ ನಷ್ಟವಿಲ್ಲ ಅನ್ನುವಂಥ ತಟ್ಟೆಯನ್ನು, ಜೀವ ಪಣಕ್ಕಿಟ್ಟು ಎದ್ದು ಬಂದವಳ ಮುಂದೆ ಇಡುವುದು ನನಗೆ ಒಪ್ಪಿಗೆಯಿಲ್ಲ.

ಆ ಬಟ್ಟಲುಗಳು ಸಿಕ್ಕಿದ್ದು ಉಳ್ಳವರ ಮನೆಯ ಹೆಂಗಸರಿಗೆ ಅನ್ನೋದು ಗೊತ್ತು. ಅವುಗಳ ಮೇಲೆ ಗಂಡುಕೂಸಿನ ಚಿತ್ರಗಳೂ ಬರುತ್ತವೆ, ಆ ಆಸೆ ಅಲ್ಲೂ ಇತ್ತು. ಇನ್ನೊಂದನ್ನೂ ಹೇಳಲೇಬೇಕು. ಎರಡನೇ ಹೆರಿಗೆ ನನಗೆ ಇಲ್ಲೇ ಆಯಿತು. ಆಸ್ಪತ್ರೆಯಲ್ಲಿ ಟೋಸ್ಟ್, ಚಹಾ ಕೊಟ್ಟರು, ಮಾರನೇ ದಿನ ಮನೆ. ತಟ್ಟೆ ಚೆನ್ನಾಗಿಯೇ ಇತ್ತು. ಆದರೆ ಮನೆಯಲ್ಲಿ ಎಣ್ಣೆ ಹಚ್ಚುವವರಿಲ್ಲ, ನೀರು ಹಾಕುವವರಿಲ್ಲ, ರಾತ್ರಿ ಕೂಸನ್ನು ಎತ್ತಿಕೊಳ್ಳುವವರಿಲ್ಲ. ಆ ಬಟ್ಟಲಿನ ಚಿತ್ರದಲ್ಲಿ ಕಾಣುವಷ್ಟು ಹೆಂಗಸರು ನನ್ನ ಸುತ್ತ ಇದ್ದದ್ದು ಅಮ್ಮನ ಮನೆಯಲ್ಲಿ ಮಾತ್ರ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲಾ ಹೇಳಿದೆ. "ಸ್ಟೀಲ್ ಆದ್ರೆ ಕುದಿಯೋ ನೀರು ಹಾಕಿ ತೊಳೀಬಹುದು ಕಣೇ, ಕೂಸಿರೋ ಮನೆ" ಅಂದರು. ಮಾತು ಸರಿಯೇ. ಹಾಗಾದರೆ ಹೊಸ ಸ್ಟೀಲ್ ತಟ್ಟೆ ತಗೊಳ್ಳಿ ಅಮ್ಮ, ಅವಳ ಹೆಸರು ಕೆತ್ತಿಸಿ, ನಾಮಕರಣಕ್ಕೆ ಮುಂಚೆಯೇ ಕೊಡಿ ಅಂದಿದ್ದೇನೆ.