ಆ ಹುಡುಗಿಯನ್ನು ಎರಡು ಸಲ ಕಣಕ್ಕೆ ಇಳಿಸಬೇಕಿತ್ತಾ?

ರಾತ್ರಿ ನಿದ್ದೆ ಬರಲಿಲ್ಲ ಅಂತ ಯೂಟ್ಯೂಬ್‌ನಲ್ಲಿ 2014ರ ಸೋಚಿ ಒಲಿಂಪಿಕ್ಸ್ ಹಾಕಿಕೊಂಡು ಕೂತೆ. ನನ್ನ ಫಿಗರ್ ಸ್ಕೇಟಿಂಗ್ ಹುಚ್ಚು ನಿಮಗೆಲ್ಲ ಗೊತ್ತಿದ್ದದ್ದೇ. ನೋಡಿ ಮುಗಿಸುವಷ್ಟರಲ್ಲಿ ಹಳೇ ಸಿಟ್ಟೆಲ್ಲ ವಾಪಸ್ ಬಂತು.

ರಷ್ಯಾದ ಯೂಲಿಯಾ ಲಿಪ್ನಿಟ್ಸ್ಕಾಯಾ. ಕೆಂಪು ಉಡುಪು, 15 ವರ್ಷ. ಒಂದು ಕಾಲ ಮೇಲೆ ಗಿರಗಿರ ತಿರುಗುತ್ತಲೇ ಇನ್ನೊಂದು ಕಾಲನ್ನು ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ನೆಟ್ಟಗೆ ಎಳೆದುಕೊಳ್ಳುತ್ತಾಳೆ. ಮೈಯಲ್ಲಿ ಮೂಳೆಯೇ ಇಲ್ಲವೇನೋ ಅನಿಸುತ್ತದೆ. ದೇಶ ದೇಶಗಳ ತಂಡ ಸ್ಪರ್ಧೆಯ ಮೊದಲ ಸುತ್ತಾದ ಶಾರ್ಟ್ ಪ್ರೋಗ್ರಾಂಗೂ ಅವಳೇ, ಮಾರನೇ ದಿನ ಎರಡನೇ ಸುತ್ತಾದ ಫ್ರೀ ಸ್ಕೇಟ್‌ಗೂ ಅವಳೇ. ಎರಡರಲ್ಲೂ ಮೊದಲ ಸ್ಥಾನ, ರಷ್ಯಾಕ್ಕೆ ಚಿನ್ನ. ಹತ್ತು ದಿನ ಬಿಟ್ಟು ಅವಳದೇ ಸ್ಪರ್ಧೆ, ಅಂದರೆ ಮಹಿಳೆಯರ ವೈಯಕ್ತಿಕ ಸ್ಪರ್ಧೆ ಬಂತು. ಎರಡೂ ದಿನ ಬಿದ್ದಳು. 5ನೇ ಸ್ಥಾನ. ಚಿನ್ನ ಗೆದ್ದದ್ದು ಯಾರು ಗೊತ್ತಾ? ತಂಡಕ್ಕೆ ಕರೆಯದೇ ಬಿಟ್ಟಿದ್ದ ಅಡೆಲಿನಾ ಸೊಟ್ನಿಕೋವಾ!

ತಂಡ ಸ್ಪರ್ಧೆಯಲ್ಲಿ ಶಾರ್ಟ್ ಮುಗಿದ ಮೇಲೆ ನಾಲ್ಕು ವಿಭಾಗಗಳಲ್ಲಿ (ಪುರುಷರು, ಮಹಿಳೆಯರು, ಜೋಡಿಗಳ ಪೇರ್ಸ್, ಜೋಡಿಗಳದೇ ಐಸ್ ಡಾನ್ಸ್) ಎರಡರಲ್ಲಿ ಮಾತ್ರ ಬೇರೆಯವರನ್ನು ಇಳಿಸಬಹುದು ಅನ್ನೋದು ನಿಯಮ. ರಷ್ಯಾ ಆ ಎರಡನ್ನೂ ಜೋಡಿಗಳಿಗೇ ಬಳಸಿತು. ಪೇರ್ಸ್‌ನಲ್ಲಿ ವೊಲೊಸೊಝಾರ್-ಟ್ರಾಂಕೊವ್ ಶಾರ್ಟ್ ಮಾಡಿ ಕೂತರು, ಸ್ಟೊಲ್ಬೊವಾ-ಕ್ಲಿಮೊವ್ ಫ್ರೀ ಮಾಡಿದರು. ಆಮೇಲೆ ತಮ್ಮ ಸ್ಪರ್ಧೆಯಲ್ಲಿ ಒಂದು ಜೋಡಿಗೆ ಚಿನ್ನ, ಇನ್ನೊಂದಕ್ಕೆ ಬೆಳ್ಳಿ. ಐಸ್ ಡಾನ್ಸ್‌ನಲ್ಲೂ ಹಾಗೇ ಬದಲಿಸಿದರು. ಒಬ್ಬೊಬ್ಬರೇ ಆಡುವ ಇಬ್ಬರು ಮಾತ್ರ ಎರಡೆರಡು ಸಲ ಇಳಿದರು, ಈ ಹುಡುಗಿ ಮತ್ತು ಪುರುಷರ ವಿಭಾಗದ 31ರ ಪ್ಲುಶೆಂಕೊ. ಬೆನ್ನಿಗೆ ಆಪರೇಷನ್ ಆಗಿದ್ದ ಮನುಷ್ಯ ಅವನು. ನಾಲ್ಕೇ ದಿನಕ್ಕೆ, ತನ್ನ ಸ್ಪರ್ಧೆಯ ವಾರ್ಮ್ ಅಪ್‌ನಲ್ಲಿ ಬೆನ್ನು ಹಿಡಿದುಕೊಂಡು, ಆಗಲ್ಲ ಅಂತ ರೆಫರಿಗೆ ಹೇಳಿ ಹೊರಟುಬಿಟ್ಟ. ಪುರುಷರಲ್ಲಿ ರಷ್ಯಾಕ್ಕೆ ಇದ್ದದ್ದೇ ಒಂದು ಜಾಗ. ರಾಷ್ಟ್ರೀಯ ಚಾಂಪಿಯನ್ ಕೊವ್ಟುನ್‌ನನ್ನು ಬಿಟ್ಟು ಇವನಿಗೆ ಕೊಟ್ಟಿದ್ದರು.

ಲೆಕ್ಕ ನೋಡಿ. ತಂಡ ಸ್ಪರ್ಧೆ ಮುಗಿದಾಗ ರಷ್ಯಾ 75 ಅಂಕ, ಎರಡನೇ ಸ್ಥಾನದ ಕೆನಡಾ 65. ಫ್ರೀಯಲ್ಲಿ ಉಳಿಯುವುದು ಐದೇ ತಂಡ, ಪ್ರತಿ ವಿಭಾಗದಲ್ಲೂ ಮೊದಲಿನವರಿಗೆ 10 ಅಂಕ, ಕೊನೆಯವರಿಗೆ 6. ಅಡೆಲಿನಾ ಇಳಿದು ಕೊನೆಗೆ ಬಂದಿದ್ದರೂ ಹೋಗುತ್ತಿದ್ದದ್ದು 4 ಅಂಕ. ಅದಕ್ಕಾಗಿ ಡಾನ್ಸ್‌ನ ಬದಲಾವಣೆ ಬಿಟ್ಟುಕೊಟ್ಟಿದ್ದರೂ ಚಿನ್ನ ಎಲ್ಲಿಗೂ ಹೋಗುತ್ತಿರಲಿಲ್ಲ. ಹಾಗಾದರೆ ಯಾಕೆ ಇಳಿಸಿದರು?

ಅಮೆರಿಕದ ಡೇವಿಸ್-ವೈಟ್ ಜೋಡಿ ತಂಡ ಸ್ಪರ್ಧೆಯಲ್ಲಿ ಎರಡು ಸಲ ಇಳಿದೂ ಐಸ್ ಡಾನ್ಸ್ ಚಿನ್ನ ಗೆಲ್ಲಲಿಲ್ವಾ ಅಂತ ನೀವು ಕೇಳಬಹುದು. ಗೆದ್ದರು. ಆದರೆ ಡಾನ್ಸ್‌ನಲ್ಲಿ ಗಾಳಿಯಲ್ಲಿ ಮೂರು ಸುತ್ತು ತಿರುಗುವ ಟ್ರಿಪಲ್ ಜಂಪ್ ಇಲ್ಲ. ಅವರು ಬೆಳೆದವರು, ಹಿಂದಿನ ಒಲಿಂಪಿಕ್ಸ್‌ನಲ್ಲೇ ಬೆಳ್ಳಿ ಗೆದ್ದವರು. 15ರ ಮಗುವಿಗೆ ಅವರನ್ನು ಹೋಲಿಸಬೇಡಿ.

ಒಂದು ಮಾತು ಒಪ್ಪಿಕೊಳ್ಳಬೇಕು. ಆವತ್ತು ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ. ನಾಳೆಯೂ ಇವಳೇ ಅಂದಾಗ ಖುಷಿಪಟ್ಟಿದ್ದೆ. ಈಗ ನನ್ನ ಮಗಳಿಗೆ 15. ಪರೀಕ್ಷೆ ಮುಗಿಸಿ ಬಂದರೆ ಬ್ಯಾಗ್ ಎಸೆದು, ಯೂನಿಫಾರ್ಮ್‌ನಲ್ಲೇ ಸಂಜೆವರೆಗೂ ಮಲಗುತ್ತಾಳೆ. ನಾವು ಯಾರೂ ಎಬ್ಬಿಸಲ್ಲ. ನಿನ್ನೆ ಆ ವಿಡಿಯೋದಲ್ಲಿ ಯೂಲಿಯಾ ಬಿದ್ದು ಎದ್ದಾಗ ನನಗೆ ತಡೆಯೋಕೆ ಆಗಲಿಲ್ಲ, ಅತ್ತುಬಿಟ್ಟೆ. 2017ರಲ್ಲಿ, 19ಕ್ಕೇ ಅವಳು ಸ್ಕೇಟಿಂಗ್ ಬಿಟ್ಟಳು.

ಈಗ ಸೀನಿಯರ್ ಸ್ಪರ್ಧೆಗೆ ಕನಿಷ್ಠ 17 ವರ್ಷ ಅಂತ ಮಾಡಿದ್ದಾರೆ, ಒಳ್ಳೆಯದೇ ಆಯಿತು. ಆದರೆ ಬದಲಾವಣೆ ಎರಡೇ ಯಾಕೆ? ನಾಲ್ಕು ವಿಭಾಗ ಇದೆ, ನಾಲ್ಕರಲ್ಲೂ ಬದಲಿಸಲು ಬಿಡಲಿ. ಅಲ್ಲಿಯವರೆಗೆ, ತಂಡ ಆರಿಸುವವರು ಮೊದಲ ಬದಲಾವಣೆಯನ್ನು ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಇಡಲಿ.