ಮನೆಲಿ ಕನ್ನಡ ಮಾತಾಡಿ ಅಂತ ಮೆಲ್ಬರ್ನ್ ಟೀಚರ್ ಹೇಳಿದ್ರು

ಮಗಳನ್ನ ಇಲ್ಲಿ ಕಿಂಡರ್‌ಗೆ, ಅಂದ್ರೆ ನರ್ಸರಿಗೆ, ಸೇರಿಸೋವಾಗ ಕೊಟ್ಟ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಇತ್ತು, ನಿಮ್ಮ ಮಗು ಬಾಯಾರಿದಾಗ, ಟಾಯ್ಲೆಟ್‌ಗೆ ಹೋಗ್ಬೇಕಾದಾಗ, ಭಯ ಆದಾಗ ಮನೆ ಭಾಷೆಲಿ ಏನಂತಾಳೆ ಅಂತ. ನಾನು ಇಂಗ್ಲಿಷ್ ಅಕ್ಷರದಲ್ಲಿ ನೀರು, ಸುಸು, ಎತ್ಕೋ ಅಂತ ಬರೆದು ಕೊಟ್ಟು ಮರೆತೇಬಿಟ್ಟಿದ್ದೆ. ಮೂರನೇ ದಿನ ಬೆಳಿಗ್ಗೆ ಬಿಡೋಕೆ ಹೋದಾಗ ಇವಳು ನನ್ನ ಕಾಲು ತಬ್ಕೊಂಡು ಅಳ್ತಿದ್ರೆ ಆ ಟೀಚರಮ್ಮ ಕೆಳಗೆ ಕೂತು ಎರಡೂ ಕೈ ಚಾಚಿ "ಎಟ್ಕೋ?" ಅಂದ್ರು ನೋಡಿ, ಇವಳು ಅಳು ನಿಲ್ಸಿ ಅವರ ಮುಖನೇ ನೋಡ್ತಾ ನಿಂತಳು, ನನಗೆ ಗಂಟಲು ಕಟ್ಟಿಬಂತು.

ಅವತ್ತೇ ನಾನು, ಇಂಗ್ಲಿಷ್ ಬರಲ್ಲ ಇವಳಿಗೆ, ಮನೆಲೂ ಇಂಗ್ಲಿಷೇ ಶುರು ಮಾಡ್ಲಾ ಅಂತ ಕೇಳಿದೆ. ಬೇಡ, ಮನೆಲಿ ಕನ್ನಡನೇ ಚೆನ್ನಾಗಿ ಮಾತಾಡಿ, ಇಂಗ್ಲಿಷ್ ನಾವು ನೋಡ್ಕೋತೀವಿ ಅಂದ್ರು. ಅದೇ ವಾರ ಊರಿಗೆ ಫೋನ್ ಮಾಡಿದ್ರೆ ಅಣ್ಣನ ಮಗನ ನರ್ಸರಿಯಿಂದ ಡೈರಿಲಿ ನೋಟ್ ಬಂದಿತ್ತಂತೆ, ಪೇರೆಂಟ್ಸ್ ಮನೆಯಲ್ಲಿ ಇಂಗ್ಲಿಷ್‌ನಲ್ಲೇ ಮಾತಾಡಿ ಅಂತ. ಕನ್ನಡನಾಡಲ್ಲಿರೋ ಮಗುಗೆ ಇಂಗ್ಲಿಷು, ಮೆಲ್ಬರ್ನ್‌ನಲ್ಲಿರೋ ಮಗುಗೆ ಕನ್ನಡ. ನಗ್ಬೇಕೋ ಅಳ್ಬೇಕೋ.

ಇಲ್ಲಿ ಪುಟ್ಟ ಮಕ್ಕಳ ಕಲಿಕೆಗೆ ಇಡೀ ದೇಶಕ್ಕೆ ಒಂದು ಚೌಕಟ್ಟು ಇದೆ, 2009ರಲ್ಲಿ ಬಂದಿದ್ದು, 2022ರಲ್ಲಿ ತಿದ್ದಿದ್ರು. ಅದರ ಹೆಸರೇ ಬಿಲಾಂಗಿಂಗ್, ಬೀಯಿಂಗ್ ಅಂಡ್ ಬಿಕಮಿಂಗ್. ಎಬಿಸಿಡಿ, ಒಂದು ಎರಡು ಎಲ್ಲಾ ಆಮೇಲೆ, ಮೊದಲು ಮಗುಗೆ "ಇಲ್ಲಿ ನಾನೂ ಒಬ್ಬಳು" ಅನ್ನಿಸ್ಬೇಕು ಅಂತ. ಆದ್ರೆ ಇದನ್ನ ಓದಿ ಇವರೆಲ್ಲಾ ಹುಟ್ಟಾ ದೊಡ್ಡ ಮನಸ್ಸಿನವರು ಅಂತ ಅಂದ್ಕೋಬೇಡಿ. ಇದೇ ದೇಶ 1970ರ ಆಸುಪಾಸಿನವರೆಗೂ ಇಲ್ಲಿನ ಮೂಲನಿವಾಸಿಗಳ ಮಕ್ಕಳನ್ನ ತಾಯಿ ಮಡಿಲಿಂದ ಕಿತ್ಕೊಂಡು ಹೋಗಿ ಅವರ ಭಾಷೆ, ಹೆಸರು ಎಲ್ಲಾ ಅಳಿಸಿ ಬೆಳೆಸಿತ್ತು. ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಲ್ಲಿ ನಿಂತು ಕ್ಷಮೆ ಕೇಳಿದ್ದು 2008ರ ಫೆಬ್ರವರಿಲಿ, ಈ ಚೌಕಟ್ಟು ಬಂದಿದ್ದು ಅದರ ಮರುವರ್ಷ. ಮಗುವಿನ ಮನೆ ಮಾತು ಕಿತ್ಕೊಂಡ್ರೆ ಏನಾಗುತ್ತೆ ಅನ್ನೋದನ್ನ ಇವರು ತಪ್ಪು ಮಾಡಿಯೇ ಕಲ್ತಿದ್ದು.

ಎಲ್ಲಾ ಕಡೆ ಹಿಂಗೇ ಇರುತ್ತೆ ಅಂತಾನೂ ಇಲ್ಲ. ಪರಿಚಯದವರೊಬ್ಬರ ಮಗುಗೆ ಆಟಿಸಂ, ಒಂದು ಚೈಲ್ಡ್‌ಕೇರ್‌ನವರು ತುಂಬಾ ನಯವಾಗಿ, ನಿಮ್ಮ ಮಗುಗೆ ನಮ್ಮ ಸೆಂಟರ್ ಸೂಟ್ ಆಗಲ್ವೇನೋ ಅಂತ ಹೇಳಿ ಕಳ್ಸಿದ್ರು. ಎಕ್ಸ್‌ಟ್ರಾ ಟೀಚರ್ ಇಟ್ಕೊಳ್ಳೋಕೆ ಸರ್ಕಾರ ದುಡ್ಡು ಕೊಡೋ ಸ್ಕೀಮ್ ಇದ್ರೂನೂ. ಇನ್ನು ಈ ಕಲ್ಚರ್ ಡೇ ಅಂತ ಒಂದಿದೆ, ಅವತ್ತು ಎಲ್ರೂ ಅವರವರ ಡ್ರೆಸ್ ಹಾಕ್ಕೊಂಡು ಬಂದು ಫೋಟೋ ತೆಗೆಸ್ಕೊಂಡು ಹೋಗೋದು, ಮಿಕ್ಕ ದಿನ ಗೋಡೆ ಮೇಲೆ ಪುಸ್ತಕದಲ್ಲಿ ಎಲ್ಲಾ ಕಡೆ ಬಿಳಿ ಮುಖಗಳೇ. ಅಮೆರಿಕದ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಅನ್ನೋ ಶಿಕ್ಷಣತಜ್ಞೆ 1989ರಲ್ಲೇ ಇದಕ್ಕೆ ಟೂರಿಸ್ಟ್ ಕರಿಕ್ಯುಲಮ್ ಅಂತ ಹೆಸರಿಟ್ಟಿದ್ರು, ಸರಿಯಾಗೇ ಇಟ್ಟಿದ್ದಾರೆ. ಒಂದಿನ ಟೂರ್ ಹೋಗ್ಬಂದಂಗೆ ಅಷ್ಟೆ. ಡ್ರೆಸ್‌ಗಿಂತ ನನಗೆ ಆ "ಎಟ್ಕೋ"ನೇ ದೊಡ್ಡದು.

ಈಗ ನಮ್ ಕಡೆ ಮಾತು. ನಾವು ಹೊರಗಿರೋರು ಸೇರಿದಾಗೆಲ್ಲಾ ಒಂದು ಡೈಲಾಗ್ ಗ್ಯಾರಂಟಿ, ನಮ್ ಕಾಲದಲ್ಲಿ ಇದೆಲ್ಲಾ ಎಲ್ಲಿತ್ತು, ಎಲ್ಲಾ ಜಾತಿಯೋರೂ ಒಟ್ಟಿಗೆ ಕೂತು ಓದಿದ್ವಿ ಅಂತ. ಒಟ್ಟಿಗೆ ಕೂತಿದ್ದು ನಿಜ. ನನ್ನ ಅಂಗನವಾಡಿಲಿ ಪಕ್ಕದ ತಾಂಡಾದಿಂದ ಇಬ್ಬರು ಹುಡುಗರು ಬರ್ತಿದ್ರು, ಮನೆಲಿ ಲಂಬಾಣಿ ಮಾತು, ಕನ್ನಡ ಒಂದಕ್ಷರ ಬರ್ತಿರ್ಲಿಲ್ಲ. ಎಷ್ಟೋ ತಿಂಗಳು ಅವರು ಬಾಯೇ ಬಿಡ್ಲಿಲ್ಲ, ನಾವು ಅವರಿಗೆ ಮೂಗ ಅಂತ ಹೆಸರಿಟ್ಟು ಕರೀತಿದ್ವಿ, ಮೇಡಂ ಕೂಡ ನಗ್ತಿದ್ರು. ಪಾಪ ಮೇಡಂದೇನು ತಪ್ಪು, ಯಾರೂ ಅವರಿಗೆ ಲಂಬಾಣಿಲಿ ನೀರಿಗೆ ಏನಂತಾರೆ ಅಂತ ಹೇಳ್ಕೊಟ್ಟಿರ್ಲಿಲ್ಲ. ಒಬ್ಬ ಚಡ್ಡಿಲೇ ಒಂದ ಮಾಡ್ಕೊಂಡು ನಿಂತಿದ್ದು ನನಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ, ಕೇಳೋಕೆ ಅವನ ಹತ್ರ ಪದ ಇರ್ಲಿಲ್ಲ. ಮಗಳ ಫಾರ್ಮ್ ತುಂಬಿಸೋವಾಗ ನನಗೆ ನೆನಪಾಗಿದ್ದು ಅವನೇ. ಇವತ್ತು ಬೆಂಗಳೂರಲ್ಲಿ ಬಿಲ್ಡಿಂಗ್ ಕೆಲ್ಸಕ್ಕೆ ಬಂದೋರ ಒಡಿಯಾ, ಬಂಗಾಳಿ ಮಕ್ಕಳು ಕನ್ನಡ ಅಂಗನವಾಡಿಗೆ ಬಂದ್ರೆ ಅವರ ಕಥೆನೂ ಅದೇ ತಾನೆ.

ಮೇಡಂನ ಬೈಯೋದು ಸುಲಭ. ಇಲ್ಲಿ ಮೆಲ್ಬರ್ನ್‌ನಲ್ಲಿ 3 ವರ್ಷ ದಾಟಿದ 11 ಮಕ್ಕಳಿಗೆ ಒಬ್ಬ ಟೀಚರ್ ಇರ್ಲೇಬೇಕು ಅಂತ ರೂಲ್. ಅಲ್ಲಿ ಅಂಗನವಾಡಿಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ಕೈಲಿ ಸಿಗೋದು ಸಂಬಳ ಅಲ್ಲ ಗೌರವಧನ, ಅದರ ಮಧ್ಯೆ ಮಕ್ಕಳ ತೂಕ, ಲಸಿಕೆ, ಬಾಣಂತಿ ಲೆಕ್ಕ, ಸರ್ವೆ, ಮೊಬೈಲ್‌ಗೆ ಎಂಟ್ರಿ. ಪ್ರತಿ ಮಗುವಿನ ಮನೆ ಪದ ಕಲಿ ಅಂದ್ರೆ ಯಾವ ಬಾಯಲ್ಲಿ ಹೇಳೋದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗೆ ಒಂದೇ ಹಂತ, ಸಾಧ್ಯ ಇದ್ದ ಕಡೆ ಮನೆ ಮಾತಲ್ಲೇ ಕಲಿಸಿ ಅಂತ ಚೆನ್ನಾಗೇ ಬರ್ದಿದೆ, ಕಲಿಸೋ ಕೈ ಜಾಸ್ತಿ ಆಗ್ಬೇಕಲ್ಲ.

ಇನ್ನೊಂದು ವಿಷಯ ಅಂದ್ರೆ ಆ ಅಂಗನವಾಡಿ ರೂಮಲ್ಲಿ ಈಗ ಕೂರೋರು ಯಾರು ಅನ್ನೋದು. 1975ರ ಅಕ್ಟೋಬರ್ 2ಕ್ಕೆ ಐಸಿಡಿಎಸ್, ಅಂದ್ರೆ ಅಂಗನವಾಡಿ ನಡೆಸೋ ಯೋಜನೆ, ದೇಶದ 33 ಕಡೆ ಶುರುವಾದಾಗ ನಮ್ಮ ಟಿ. ನರಸೀಪುರನೂ ಅದ್ರಲ್ಲಿತ್ತು, ಅಷ್ಟು ಹಳೇ ವ್ಯವಸ್ಥೆ ನಮ್ದು. ಆದ್ರೆ ಸ್ವಲ್ಪ ದುಡ್ಡಿದ್ದೋರೆಲ್ಲಾ ಒಬ್ಬೊಬ್ಬರಾಗಿ ಕಾನ್ವೆಂಟ್ ಕಡೆ ಹೊರಟ್ವಿ. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ, ಬಂದು ಪ್ರೈವೇಟ್ ಸ್ಕೂಲಲ್ಲಿ 25% ಸೀಟು ಬಡ ಮಕ್ಕಳಿಗೆ ಅಂದಾಗ, ಪ್ರೀ-ಸ್ಕೂಲ್ ಇದ್ದ ಕಡೆ ಅಲ್ಲಿಂದಲೇ, ಇನ್ಮೇಲಾದ್ರೂ ಒಟ್ಟಿಗೆ ಕೂರ್ತಾರೇನೋ ಅನ್ಸಿತ್ತು, 2012ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡೀತು. 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಪ್ರೈವೇಟಲ್ಲಿ ಆ ಸೀಟಿಲ್ಲ ಅಂತ ರೂಲ್ ಬದಲಾಯ್ತು, ಸೀಟುಗಳು ಒಂದೇ ಸಲ ಕುಸಿದ್ವು. ಸರ್ಕಾರಿ ಶಾಲೆ ಉಳೀಲಿ ಅನ್ನೋ ವಾದಕ್ಕೂ ಅರ್ಥ ಇದೆ, ಇಲ್ಲ ಅನ್ನಲ್ಲ. ಆದ್ರೆ ಮಾಲೀಕನ ಮಗು, ಮನೆ ಕೆಲ್ಸದವರ ಮಗು ಮೂರು ವರ್ಷಕ್ಕೇ ಬೇರೆ ಬೇರೆ ಗೇಟಲ್ಲಿ ಒಳಗೆ ಹೋದ್ಮೇಲೆ ಎಂಥಾ ಡೈವರ್ಸಿಟಿ ಪಾಠ ಮಾಡಿದ್ರೂ ಯಾರಿಗೆ.

ಇದನ್ನೆಲ್ಲಾ ಹೋದ್ಸಲ ರಜಕ್ಕೆ ಹೋದಾಗ ಅತ್ತಿಗೆ ಮುಂದೆ ಜೋರಾಗೇ ಭಾಷಣ ಬಿಟ್ಟೆ, ಅಂಗನವಾಡಿ ಮನೆ ಹಿಂದೇನೇ ಇದೆ, ಇವನನ್ನ ಅಲ್ಲಿಗೇ ಕಳಿಸ್ಬಹುದಿತ್ತಲ್ವಾ ಅತ್ಗೆ ಅಂತ. ಅವರು ಮಗನ ಟೈ ಇಸ್ತ್ರಿ ಮಾಡ್ತಿದ್ರು, ತಲೆ ಎತ್ತದೇನೇ ಕೇಳಿದ್ರು, "ಸರಿ ಕಣಪ್ಪ, ನೀನು ಇಲ್ಲೇ ಇದ್ದಿದ್ರೆ ನಿನ್ ಮಗಳನ್ನ ಕಳಿಸ್ತಿದ್ಯಾ?"

ಇಲ್ಲ ಅತ್ಗೆ, ಕಳಿಸ್ತಿರ್ಲಿಲ್ಲ ಅನ್ಸುತ್ತೆ ಅಂದೆ.