ಕೊನೇ ದಿನ ಭಾನುವಾರ ಇಟ್ಟು ‘ಶಾಪಿಂಗ್‌ಗೆ ಬಿಡುವು’ ಅಂತ ಬರೆಯೋದನ್ನ ದಯವಿಟ್ಟು ನಿಲ್ಲಿಸಿ

ಎರಡು ವಾರದ ಜರ್ಮನಿ ಸ್ಟಡಿ ಟೂರ್. ಅಪ್ಪ-ಅಮ್ಮ ಚಿನ್ನ ಅಡ ಇಟ್ಟೋ, ಸೊಸೈಟಿಯಲ್ಲಿ ಸಾಲ ಮಾಡಿಯೋ ದುಡ್ಡು ಹೊಂದಿಸಿ ಕಟ್ಟಿರುತ್ತಾರೆ. ಕಾಲೇಜು ಕೊಡುವ ಪ್ರೋಗ್ರಾಂ ಶೀಟಿನ ಕೊನೇ ಸಾಲು ಮಾತ್ರ ಪ್ರತಿ ಬ್ಯಾಚಿಗೂ ಅದೇ: ‘ಭಾನುವಾರ, ಮ್ಯೂನಿಕ್: ಶಾಪಿಂಗ್‌ಗೆ ಬಿಡುವು, ಸಂಜೆ ಏರ್‌ಪೋರ್ಟ್’. ಈ ಸಾಲು ಕಂಡರೆ ಮೈ ಉರಿಯುತ್ತೆ. ಮ್ಯೂನಿಕ್ ಇರೋದು ಜರ್ಮನಿಯ ಬವೇರಿಯಾ ರಾಜ್ಯದಲ್ಲಿ. ಅಲ್ಲಿ ಭಾನುವಾರ ಅಂಗಡಿ ತೆಗೆಯೋದಿಲ್ಲ. ಸೋಮವಾರದಿಂದ ಶನಿವಾರದವರೆಗೂ ರಾತ್ರಿ 8ಕ್ಕೆ ಬಾಗಿಲು ಹಾಕಲೇಬೇಕು ಅನ್ನೋದು ಕಾನೂನು. ದೊಡ್ಡ ರೈಲು ನಿಲ್ದಾಣದಲ್ಲಿ, ಏರ್‌ಪೋರ್ಟಿನಲ್ಲಿ ಕೆಲವು ಅಂಗಡಿ ಬಿಟ್ಟರೆ ಊರೆಲ್ಲ ಬಂದ್. ಇದೇನು ಗುಟ್ಟಿನ ವಿಷಯವಲ್ಲ. ಕರ್ನಾಟಕಕ್ಕೂ ಬವೇರಿಯಾಕ್ಕೂ 2007ರಿಂದ ಸಹಭಾಗಿತ್ವ ಇದೆ, 2023ರ ನವೆಂಬರಿನಲ್ಲಿ ಬೆಂಗಳೂರಿಂದ ಮ್ಯೂನಿಕ್‌ಗೆ ನೇರ ವಿಮಾನವೂ ಶುರುವಾಯಿತು. ಇಷ್ಟು ಹೋಗಿ ಬರುವ ಊರಿನಲ್ಲಿ ಅಂಗಡಿ ಯಾವಾಗ ತೆಗೀತಾರೆ ಅಂತ ವಿಚಾರಿಸಲಾರದಷ್ಟು ಉದಾಸೀನ ಯಾಕೆ?

ಇನ್ನೂ ಸಿಟ್ಟು ಬರೋದು ಎಲ್ಲಿ ಅಂದರೆ, ಅದೇ ಭಾನುವಾರಕ್ಕೆ ಹೇಳಿ ಮಾಡಿಸಿದ ಕೆಲಸಗಳನ್ನ ಇವರು ವಾರದ ನಡುವೆ ತುರುಕಿರುತ್ತಾರೆ. ಆಲ್ಟೆ ಪಿನಕೊಥೆಕ್, ಪಿನಕೊಥೆಕ್ ಡೆರ್ ಮೊಡೆರ್ನೆಯಂಥ ಸರ್ಕಾರಿ ಕಲಾ ಸಂಗ್ರಹಾಲಯಗಳಿಗೆ ಭಾನುವಾರ ಟಿಕೆಟ್ ಒಂದೇ ಯೂರೋ. ಇಂಜಿನಿಯರಿಂಗ್ ಮಕ್ಕಳು ನೋಡಲೇಬೇಕಾದ ಡಾಯ್ಚಸ್ ಮ್ಯೂಸಿಯಂ ಭಾನುವಾರವೂ ತೆರೆದಿರುತ್ತೆ. ನಾಜಿಗಳ ಯಾತನಾ ಶಿಬಿರವಿದ್ದ ಡಾಖಾವ್‌ನ ಸ್ಮಾರಕವೂ ತೆರೆದಿರುತ್ತೆ, ಅಲ್ಲಿ ಪ್ರವೇಶ ಉಚಿತ. ಅಂಗಡಿ ಕೆಲಸವನ್ನ ಗುರುವಾರಕ್ಕೋ ಶುಕ್ರವಾರಕ್ಕೋ ಹಾಕಿ, ಮ್ಯೂಸಿಯಂ ಭಾನುವಾರಕ್ಕೆ ಇಡಿ. ಒಂದು ಪೈಸೆ ಹೆಚ್ಚಿನ ಖರ್ಚಿಲ್ಲ. ಇಷ್ಟನ್ನೂ ಮಾಡೋದಿಲ್ಲ ಅಂದರೆ ಕೋ-ಆರ್ಡಿನೇಟರ್ ಅನ್ನೋ ಹುದ್ದೆ ಯಾಕೆ?

ಖಾಲಿ ಬಾಟಲಿಯ ವಿಷಯ ಸಣ್ಣದು ಅನ್ನಿಸಬಹುದು. ಅಲ್ಲ. ಜರ್ಮನಿಯಲ್ಲಿ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿ, ಡಬ್ಬಿ ಒಂದಕ್ಕೆ 25 ಸೆಂಟ್ ಠೇವಣಿ, ಫಾಂಡ್ ಅಂತಾರೆ, ಬಿಲ್ಲಿನಲ್ಲೇ ಸೇರಿರುತ್ತೆ. 20 ಜನ ದಿನಕ್ಕೆ ಎರಡು ಬಾಟಲಿ ಅಂತ 12 ದಿನ ನೀರು ಕೊಂಡರೆ 480 ಬಾಟಲಿ, ಅಂದರೆ 120 ಯೂರೋ. ಅದು ವಾಪಸ್ ಬರೋದು ಸೂಪರ್‌ಮಾರ್ಕೆಟ್ ಒಳಗಿನ ಯಂತ್ರದಿಂದ. ಯಂತ್ರ ಚೀಟಿ ಕೊಡುತ್ತೆ, ಚೀಟಿಯನ್ನ ಅದೇ ಅಂಗಡಿಯ ಕ್ಯಾಶ್ ಕೌಂಟರ್‌ನಲ್ಲಿ ಕೊಟ್ಟರೆ ದುಡ್ಡು. ಸೂಪರ್‌ಮಾರ್ಕೆಟ್ ಭಾನುವಾರ ಮುಚ್ಚಿರುತ್ತೆ, ಆದ್ದರಿಂದ ಶನಿವಾರ ರಾತ್ರಿ 8 ದಾಟಿದರೆ ಆ 120 ಯೂರೋ ಕಸಕ್ಕೆ. ಇನ್ನೊಂದು ಎಡವಟ್ಟು: ನಮ್ಮ ಮಕ್ಕಳು ಊರಲ್ಲಿ ಮಾಡಿದ ಹಾಗೆ ಬಾಟಲಿ ತಿರುಚಿ ಚಪ್ಪಟೆ ಮಾಡುತ್ತಾರೆ. ಯಂತ್ರ ಓದೋದು ಬಾಟಲಿ ಮೇಲಿನ ಬಾರ್‌ಕೋಡ್ ಮತ್ತು ಠೇವಣಿ ಗುರುತನ್ನ. ಜಜ್ಜಿ ಹೋಗಿದ್ದರೆ, ಲೇಬಲ್ ಕಿತ್ತಿದ್ದರೆ ಹೊರಕ್ಕೆ ತಳ್ಳುತ್ತೆ. ಇದನ್ನ ಮೊದಲ ದಿನವೇ ಹೇಳಿದ್ದರೆ ಸಾಕಿತ್ತು.

ಔಷಧಿದೂ ಇದೇ ಕಥೆ. ಪ್ಯಾರಾಸಿಟಮಾಲ್ ಕೂಡ ಅಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಸಿಗಲ್ಲ, ಅಪೋಟೆಕೆಗೇ, ಅಂದರೆ ಔಷಧಿ ಅಂಗಡಿಗೇ ಹೋಗಬೇಕು. ಭಾನುವಾರ ಸರದಿ ಮೇಲೆ ಕೆಲವೇ ಅಪೋಟೆಕೆ ತೆರೆದಿರುತ್ತವೆ. ರಾತ್ರಿ ಜ್ವರ ಬಂದು, ಪ್ರಾಣಕ್ಕೆ ಅಪಾಯ ಇಲ್ಲದಿದ್ದರೆ ವೈದ್ಯರಿಗಾಗಿ 116117, ಪ್ರಾಣಕ್ಕೆ ಕುತ್ತಾದರೆ 112. ಈ ಎರಡು ನಂಬರ್ ಪ್ರತಿ ವಿದ್ಯಾರ್ಥಿಯ ಫೋನಿನಲ್ಲಿ ಇರಬೇಕು.

ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ಇಡೀ ಪ್ರವಾಸದಿಂದ ಮಕ್ಕಳ ಕೈಯಲ್ಲಿ ಉಳಿಯುವ ಕಾಗದ ಅದೊಂದೇ. ಅದನ್ನ ‘ಶುಕ್ರವಾರ ಸಂಜೆ ಸಮಾರೋಪದಲ್ಲಿ’ ಕೊಡಿಸುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯದ ಕಚೇರಿಗಳಲ್ಲಿ ಶುಕ್ರವಾರ ಮಧ್ಯಾಹ್ನದ ಮೇಲೆ ಜನ ಸಿಗೋದು ಕಷ್ಟ. ಹೆಸರು ತಪ್ಪಿದ್ದರೆ ತಿದ್ದಿಕೊಡುವವರು ಇಲ್ಲ, ಶನಿವಾರ ಇಲ್ಲ, ಭಾನುವಾರ ಇಲ್ಲ, ಸೋಮವಾರ ಇವರು ಬೆಂಗಳೂರಲ್ಲಿ. ಹೆಸರು ತಪ್ಪೋದು ಅಪರೂಪವೂ ಅಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಕಾಲೇಜು ಕಳಿಸೋದು ತನ್ನ ಹಾಜರಿ ಪಟ್ಟಿ. ಕಳಿಸಬೇಕಾದ್ದು ಪಾಸ್‌ಪೋರ್ಟ್ ಪ್ರಕಾರದ ಪಟ್ಟಿ, ಅದೂ ಮೊದಲ ವಾರದಲ್ಲೇ. ಕಾಗದದ ಮೇಲೆ ಶುರುವಾದ ದಿನ, ಮುಗಿದ ದಿನ, ಒಟ್ಟು ಗಂಟೆ, ಸಹಿ, ಮೊಹರು ಇರಬೇಕು. ಕ್ರೆಡಿಟ್ ಕೊಡ್ತೀವಿ ಅಂದಿದ್ದರೆ ಎಷ್ಟು ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಲೆಕ್ಕ) ಅಂತ ಬರೆಸಿಕೊಳ್ಳಿ. ಒಂದು ಇಸಿಟಿಎಸ್ ಅಂದರೆ 25ರಿಂದ 30 ಗಂಟೆ ಓದಿನ ಹೊರೆ, ಇದರ ಲೆಕ್ಕ ಇಲ್ಲದ ಸರ್ಟಿಫಿಕೇಟ್ ಮುಂದೆ ಎಂ.ಎಸ್. ಅರ್ಜಿಗೆ ಲಗತ್ತಿಸಿದರೂ ಹೆಚ್ಚು ಪ್ರಯೋಜನ ಇಲ್ಲ. ಬುಧವಾರ ಡ್ರಾಫ್ಟ್ ನೋಡಿ, ಗುರುವಾರ ಕೈಗೆ ತಗೊಳ್ಳಿ. ಅಷ್ಟೇ.

ಹಾಸ್ಟೆಲ್ ಖಾಲಿ ಮಾಡೋದು ಬೆಳಗ್ಗೆ 10ರ ಹೊತ್ತಿಗೆ, ವಿಮಾನ ರಾತ್ರಿ. ನಡುವಿನ ಹತ್ತು ಗಂಟೆ ಸೂಟ್‌ಕೇಸ್ ಎಲ್ಲಿಡೋದು ಅಂತ ಯಾರೂ ಯೋಚಿಸಿರಲ್ಲ. ಹಾಸ್ಟೆಲ್‌ನ ಲಗೇಜ್ ರೂಮನ್ನ ಹಿಂದಿನ ದಿನವೇ ಕೇಳಿ ಇಟ್ಟಿರಬೇಕು. ಯೂತ್ ಹಾಸ್ಟೆಲ್‌ಗಳಲ್ಲಿ ಹೊದಿಕೆ, ದಿಂಬಿನ ಕವರ್ ನಾವೇ ಕಿತ್ತು ಅವರು ಹೇಳಿದ ಕಡೆ ಹಾಕಬೇಕು. ಕಾಗದ, ಪ್ಯಾಕಿಂಗ್, ಅಡುಗೆ ಕಸ, ಉಳಿದದ್ದು ಅಂತ ಬೇರೆ ಬೇರೆ ಬುಟ್ಟಿ. ಹೊರಡುವ ಮುಂಚೆ ಪ್ರತಿ ಕೋಣೆಯನ್ನೂ ರಿಸೆಪ್ಷನ್‌ನವರ ಎದುರು ತೋರಿಸಿ, ಫೋಟೋ ತೆಗೆದಿಡಿ. ಹಾಗೆ ಮಾಡದೆ, ಯಾರೋ ಒಬ್ಬರ ಕೋಣೆಯ ಒಡೆದ ಲ್ಯಾಂಪಿನ ದುಡ್ಡನ್ನ ಇಡೀ ಗುಂಪಿನ ಡೆಪಾಸಿಟ್‌ನಿಂದ ಕಳೆದುಬಿಟ್ಟರು ಅಂತ ಊರಿಗೆ ಬಂದ ಮೇಲೆ ಮಕ್ಕಳಿಗೆ ಹೇಳೋದು ಅನ್ಯಾಯ.

ರೈಲಿನದ್ದು ಕೇಳಿದರೆ ಅಳು ಬರುತ್ತೆ. ಮಕ್ಕಳ ಹತ್ತಿರ ಇರೋದು ಊರೊಳಗಿನ ‘ಎಂ’ ವಲಯದ ವಾರದ ಪಾಸ್. ಏರ್‌ಪೋರ್ಟ್ ಇರೋದು 5ನೇ ವಲಯದಲ್ಲಿ. ಆ ಪಾಸಿನಲ್ಲಿ ಹತ್ತಿದರೆ ತಲೆಗೆ 60 ಯೂರೋ ದಂಡ, ‘ಗೊತ್ತಿರಲಿಲ್ಲ’ ಅಂದರೆ ಬಿಡೋದಿಲ್ಲ. ಎಂ-5 ಗ್ರೂಪ್ ಡೇ ಟಿಕೆಟ್ ಒಂದಕ್ಕೆ 5 ಜನ, ಆದರೆ ಐದೂ ಜನ ಒಟ್ಟಿಗೇ ಇರಬೇಕು. ಟಿಕೆಟ್ ಹಿಡಿದವನು ಒಂದು ಬೋಗಿ, ಉಳಿದವರು ಇನ್ನೊಂದು ಬೋಗಿ ಅಂದರೆ ನಾಲ್ವರೂ ಟಿಕೆಟ್ ಇಲ್ಲದವರೇ. ಮೊಹರು ಬೀಳದ ಟಿಕೆಟ್ ಆದರೆ ಪ್ಲಾಟ್‌ಫಾರ್ಮಿಗೆ ಹೋಗುವ ದಾರಿಯ ನೀಲಿ ಯಂತ್ರದಲ್ಲಿ ಹಾಕಿ ಮೊಹರು ಒತ್ತಿಸಬೇಕು. ಏರ್‌ಪೋರ್ಟಿಗೆ ಎಸ್1, ಎಸ್8 ಲೋಕಲ್ ರೈಲು ಎರಡೂ ಹೋಗುತ್ತವೆ, ಮುಕ್ಕಾಲು ಗಂಟೆ ಹಿಡಿಯುತ್ತೆ. ಎಸ್1 ಮಾತ್ರ ನಾಯ್‌ಫಾರ್ನ್ ನಿಲ್ದಾಣದಲ್ಲಿ ಎರಡು ಭಾಗವಾಗಿ, ಒಂದು ಏರ್‌ಪೋರ್ಟಿಗೆ, ಇನ್ನೊಂದು ಫ್ರೈಸಿಂಗ್ ಊರಿಗೆ ಹೋಗುತ್ತೆ. ಬೋಗಿಯ ಬೋರ್ಡ್ ಓದದೆ ಹತ್ತಿದರೆ ಅರ್ಧ ಗುಂಪು ಫ್ರೈಸಿಂಗ್ ಸೇರುತ್ತೆ. ಇದರ ಮೇಲೆ, ಊರ ಮಧ್ಯದ ಸುರಂಗ ಮಾರ್ಗವನ್ನ ರಿಪೇರಿಗೆ ಅಂತ ಮುಚ್ಚೋದು ಹೆಚ್ಚಾಗಿ ವಾರಾಂತ್ಯದಲ್ಲೇ. ಮತ್ತೆ ಭಾನುವಾರ! ಬದಲಿ ಬಸ್ಸಿಗೆ ಇಪ್ಪತ್ತು ಸೂಟ್‌ಕೇಸ್ ಏರಿಸೋ ಹೊತ್ತಿಗೆ ಒಂದು ಗಂಟೆ ಹೋಗಿರುತ್ತೆ.

ಈಗ ಮಕ್ಕಳ ದುಡ್ಡು ಎಲ್ಲಕ್ಕಿಂತ ಹೆಚ್ಚು ಹಾಳಾಗುವ ಜಾಗ: ಟ್ಯಾಕ್ಸ್ ರೀಫಂಡ್. ಅಲ್ಲಿ ಹೆಚ್ಚಿನ ಸಾಮಾನಿಗೆ 19 ಶೇಕಡಾ ತೆರಿಗೆ ಬೆಲೆಯಲ್ಲೇ ಸೇರಿದೆ. ಹೊರದೇಶದಿಂದ ಪ್ರವಾಸಕ್ಕೆ ಬಂದವರು, ಒಂದು ಬಿಲ್ 50 ಯೂರೋ ದಾಟಿದರೆ, ವಾಪಸ್ ಕೇಳಬಹುದು. ಪೂರ್ತಿ ಬರಲ್ಲ, ಮಧ್ಯದ ಕಂಪನಿ ಶುಲ್ಕ ಹಿಡಿಯುತ್ತೆ, ಆದರೂ ಬಂದಷ್ಟು ಮಕ್ಕಳದ್ದೇ. ಬಿಲ್ ಮಾಡಿಸುವಾಗಲೇ ಪಾಸ್‌ಪೋರ್ಟ್ ತೋರಿಸಿ ಫಾರಂ ತಗೋಬೇಕು. ಆದರೆ ಪಾಸ್‌ಪೋರ್ಟ್ ಎಲ್ಲಿರುತ್ತೆ? ‘ಕಳೆದುಹೋಗುತ್ತೆ’ ಅಂತ ಜೊತೆಗೆ ಬಂದ ಮೇಷ್ಟ್ರ ಬ್ಯಾಗಿನಲ್ಲಿ. ಅಲ್ಲಿಗೇ ಅರ್ಧ ಕಥೆ ಮುಗಿಯಿತು. ಉಳಿದರ್ಧವನ್ನ ಏರ್‌ಪೋರ್ಟಿನಲ್ಲಿ ಟೂರ್ ಮ್ಯಾನೇಜರ್ ಮುಗಿಸುತ್ತಾನೆ. ಎಲ್ಲರ ಪಾಸ್‌ಪೋರ್ಟ್ ಒಟ್ಟು ಮಾಡಿ, ಎಲ್ಲರ ಲಗೇಜ್ ಒಂದೇ ಸಲ ಬೆಲ್ಟಿಗೆ ಹಾಕಿಸಿಬಿಡುತ್ತಾನೆ. ಕಸ್ಟಮ್ಸ್‌ನವರು ಮೊಹರು ಒತ್ತೋದು ಸಾಮಾನನ್ನ ಕಣ್ಣಾರೆ ನೋಡಿದ ಮೇಲೆ. ಸಾಮಾನು ಬೆಲ್ಟಿನಲ್ಲಿ ಹೋಗಿದ್ದರೆ ಮೊಹರು ಇಲ್ಲ, ಮೊಹರು ಇಲ್ಲದಿದ್ದರೆ ದುಡ್ಡು ಇಲ್ಲ.

ಸರಿಯಾದ ದಾರಿ ಇದು. ಚೆಕ್-ಇನ್ ಕೌಂಟರ್‌ನಲ್ಲಿ ‘ಟ್ಯಾಕ್ಸ್ ಫ್ರೀ ಸಾಮಾನು ಇದೆ’ ಅಂತ ಮೊದಲೇ ಹೇಳಿ, ಬೋರ್ಡಿಂಗ್ ಪಾಸ್ ತಗೊಂಡು, ಟ್ಯಾಗ್ ಹಾಕಿದ ಸೂಟ್‌ಕೇಸ್ ವಾಪಸ್ ಇಸ್ಕೊಳ್ಳಿ. ಕಸ್ಟಮ್ಸ್ ಕೌಂಟರ್‌ಗೆ ಹೋಗಿ ಸಾಮಾನು, ಬಿಲ್ಲು, ತುಂಬಿದ ಫಾರಂ, ಪಾಸ್‌ಪೋರ್ಟ್ ತೋರಿಸಿ ಮೊಹರು ಹಾಕಿಸಿ. ಸೂಟ್‌ಕೇಸ್ ಅಲ್ಲಿಂದ ಕಳಿಸಿ, ಆಮೇಲೆ ರೀಫಂಡ್ ಕೌಂಟರ್. ಸಾಮಾನು ಸೂಟ್‌ಕೇಸಿನ ಮೇಲ್ಭಾಗದಲ್ಲೇ ಇರಲಿ. ಜಾಕೆಟ್ ತೊಟ್ಟುಕೊಂಡು ಹೋದರೆ ಬಳಸಿದ್ದು ಅಂತ ತಿರಸ್ಕರಿಸಬಹುದು. ಮೂವರು ಸ್ನೇಹಿತರ ಸಾಮಾನು ಒಬ್ಬನ ಪಾಸ್‌ಪೋರ್ಟ್ ಮೇಲೆ ಬಿಲ್ ಮಾಡಿಸಿ ಹಂಚಿಕೊಂಡರೆ ಅವನ ಬ್ಯಾಗಿನಲ್ಲಿ ತೋರಿಸೋಕೆ ಏನೂ ಇರಲ್ಲ. ಇಷ್ಟಕ್ಕೆಲ್ಲ ವಿಮಾನಕ್ಕೆ ನಾಲ್ಕು ಗಂಟೆ ಮುಂಚೆ ಅಲ್ಲಿರಬೇಕು. ಇವರು ಕರೆತರೋದು ಎರಡೂವರೆ ಗಂಟೆ ಮುಂಚೆ.

ಲಗೇಜ್ ತೂಕ ಹೊಸದೇನಲ್ಲ. 23 ಕಿಲೋ ಅಂದರೆ ಪ್ರತಿ ಬ್ಯಾಗೂ 23, ಒಬ್ಬನ 19 ಇನ್ನೊಬ್ಬನ 27 ಸೇರಿಸಿ ಸರಾಸರಿ ಮಾಡ್ತಾರೆ ಅಂತ ನಂಬಬೇಡಿ. ಕಂಪನಿ ಭೇಟಿಯಲ್ಲಿ ಕೊಟ್ಟ ದಪ್ಪ ಬ್ರೋಷರ್‌ಗಳನ್ನ ಫೋಟೋ ತೆಗೆದು ಬಿಟ್ಟು ಬನ್ನಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.

ಕೊನೆಯದಾಗಿ, ಬೋರ್ಡಿಂಗ್ ಪಾಸ್‌ಗಳನ್ನ ಒಬ್ಬರೇ ಇಟ್ಟುಕೊಳ್ಳೋ ಚಟ. ಯುರೋಪಿನಿಂದ ಹೊರಡುವ ವಿಮಾನಕ್ಕೆ ಯುರೋಪಿಯನ್ ಒಕ್ಕೂಟದ 261/2004 ಅನ್ನೋ ಪ್ರಯಾಣಿಕರ ಹಕ್ಕಿನ ನಿಯಮ ಅನ್ವಯಿಸುತ್ತೆ. ಇಷ್ಟು ದೂರದ ಹಾರಾಟ ನಾಲ್ಕು ಗಂಟೆ ತಡವಾದರೆ ಊಟ-ತಿಂಡಿ, ರಾತ್ರಿ ಉಳಿಯಬೇಕಾದರೆ ಹೋಟೆಲ್ ಕೊಡೋದು ವಿಮಾನ ಕಂಪನಿಯ ಹೊಣೆ. ಆ ಹಕ್ಕು ಪ್ರಯಾಣಿಕನದ್ದು, ಗ್ರೂಪ್ ಟಿಕೆಟ್ ಆದರೂ. ಜರ್ಮನಿಯಲ್ಲಿ ಮುಷ್ಕರ ಆಗುತ್ತಲೇ ಇರುತ್ತೆ. ವೀಸಾವನ್ನ ವಿಮಾನದ ದಿನಕ್ಕೇ ಮುಗಿಯೋ ಹಾಗೆ ತೆಗೆಸಿದ್ದರೆ ಒಂದು ರದ್ದತಿ ಸಾಕು, ಮಗು ಅವಧಿ ಮೀರಿ ಉಳಿದ ಹಾಗೆ. ಬಂದ ದಿನ, ಹೊರಡುವ ದಿನ ಎರಡೂ ವೀಸಾ ದಿನಗಳ ಲೆಕ್ಕಕ್ಕೆ ಬರುತ್ತವೆ ಅಂತಲೂ ಮರೀತಾರೆ. ವಿಮಾನ ರದ್ದಾದ ಕಾಗದವನ್ನ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ ಬರೆಸಿಕೊಂಡು, ಏರ್‌ಪೋರ್ಟಿನ ಫೆಡರಲ್ ಪೊಲೀಸರ ಹತ್ತಿರ ಆಗಲೇ ಹೋಗಿ ತೋರಿಸಬೇಕು. ಹಾಗೆ ಹೋಗೋಕೆ ಪಾಸ್‌ಪೋರ್ಟೂ ಬೋರ್ಡಿಂಗ್ ಪಾಸೂ ಮಗುವಿನ ಕೈಯಲ್ಲೇ ಇರಬೇಕು. ಅವರು ಹದಿನೆಂಟು ದಾಟಿದವರು. ಅವರ ಕಾಗದ ಅವರಿಗೆ ಕೊಡಿ. ಮುಂದಿನ ಬ್ಯಾಚಿನ ಶೀಟ್ ಇನ್ನೂ ಪ್ರಿಂಟಿಗೆ ಹೋಗಿಲ್ಲ ಅಂದರೆ ಭಾನುವಾರದ ಆ ಸಾಲನ್ನ ಇವತ್ತೇ ಗುರುವಾರಕ್ಕೆ ಎತ್ತಿ ಹಾಕಿ.